ಕೊನೆಯ ಸಾಲಿನಿಂದ ಶುರುವಾದ ಪಾಠ

ಕಾರ್ಯಾಂಗದ ಪಾಠವನ್ನು ನಾನು ಈಗ ಒಂದು ಹಾಳೆಯಿಂದ ಶುರು ಮಾಡುತ್ತೇನೆ. ನಮ್ಮ ತುಟ್ಟಿಭತ್ಯೆ ಹೆಚ್ಚಿಸಿದ ಸರ್ಕಾರಿ ಆದೇಶದ ಜೆರಾಕ್ಸ್ ಅದು. ಉಡುಪಿ ಹತ್ತಿರದ ಒಂದು ಸರ್ಕಾರಿ ಪಿಯು ಕಾಲೇಜಿನಲ್ಲಿ ನಾನು ರಾಜ್ಯಶಾಸ್ತ್ರ ಉಪನ್ಯಾಸಕಿ. ಮಲ್ಪೆ ಕಡೆಯಿಂದ ಬರುವ ಮಕ್ಕಳೇ ನನ್ನ ತರಗತಿಯಲ್ಲಿ ಜಾಸ್ತಿ. ಹಾಳೆಯನ್ನು ಮೊದಲ ಬೆಂಚಿಗೆ ಕೊಟ್ಟು, ‘ಮೇಲಿನದ್ದು ಬಿಡಿ, ಕೊನೆಯ ಸಾಲು ಓದಿ ಹಿಂದೆ ಕೊಡಿ’ ಅಂತ ಹೇಳುತ್ತೇನೆ.

ಅಲ್ಲಿ ಹೀಗಿರುತ್ತದೆ: ‘ಕರ್ನಾಟಕ ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ’. ಅದರ ಕೆಳಗೆ ಆರ್ಥಿಕ ಇಲಾಖೆಯ ಒಬ್ಬ ಅಧಿಕಾರಿಯ ಸಹಿ.

‘ಹಾಗಾದರೆ ನನ್ನ ತುಟ್ಟಿಭತ್ಯೆ ಜಾಸ್ತಿ ಮಾಡಿದ್ದು ಯಾರು?’

‘ರಾಜ್ಯಪಾಲರು ಮೇಡಂ.’

‘ಅಲ್ಲ ಮೇಡಂ, ಮುಖ್ಯಮಂತ್ರಿ. ಪೇಪರಲ್ಲಿ ಬಂದಿತ್ತು.’

‘ಸಹಿ ಇರುವುದು ಬೇರೆಯವರದ್ದು ಅಲ್ವಾ?’

ತರಗತಿ ಮೂರು ಪಾಲಾಗುತ್ತದೆ. ನನಗೆ ಬೇಕಾದದ್ದೂ ಅದೇ. ಹೆಸರು ಒಬ್ಬರದ್ದು, ತೀರ್ಮಾನ ಇನ್ನೊಬ್ಬರದ್ದು, ಸಹಿ ಮತ್ತೊಬ್ಬರದ್ದು. ರಾಜ್ಯದಲ್ಲಿ ಇದು ಸಂವಿಧಾನದ 166ನೇ ವಿಧಿ. ಇದೇ ಮಾತನ್ನು ದೆಹಲಿಗೆ ಹೊಂದಿಸಿ ಹೇಳುವುದು 77ನೇ ವಿಧಿ. ಕೇಂದ್ರ ಸರ್ಕಾರದ ಕಾರ್ಯಾಂಗದ ಕೆಲಸವೆಲ್ಲ ರಾಷ್ಟ್ರಪತಿಗಳ ಹೆಸರಿನಲ್ಲಿ ನಡೆಯಬೇಕು.

ಮೊದಲು ನಾನು ಹೀಗೆ ಕಲಿಸುತ್ತಿರಲಿಲ್ಲ. ರಾಷ್ಟ್ರಪತಿಯ ಅಧಿಕಾರಗಳು ಅಂತ ಬೋರ್ಡಿನ ಮೇಲೆ ಬರೆದು, ಕೆಳಗೆ ಸಾಲಾಗಿ ನೇಮಕಾತಿ, ಶಾಸನ, ಹಣಕಾಸು, ಕ್ಷಮಾದಾನ, ತುರ್ತು ಪರಿಸ್ಥಿತಿ ಅಂತ ಬರೆಸುತ್ತಿದ್ದೆ. ಹತ್ತು ಅಂಕದ ಪ್ರಶ್ನೆಗೆ ಅಷ್ಟು ಸಾಕಿತ್ತು. ಒಂದು ವರ್ಷ ಒಬ್ಬ ಹುಡುಗ ಎಲ್ಲ ಅಂಶಗಳನ್ನೂ ಸರಿಯಾಗಿ ಬರೆದು, ಕೊನೆಗೆ ‘ಆದ್ದರಿಂದ ದೇಶದಲ್ಲಿ ರಾಷ್ಟ್ರಪತಿ ಏನು ಬೇಕಾದರೂ ಮಾಡಬಹುದು’ ಎಂದು ಮುಗಿಸಿದ್ದ. ನಾನು ಹೇಳಿಕೊಟ್ಟದ್ದನ್ನೇ ಅವನು ಬರೆದಿದ್ದ. ಅದರಿಂದ ಬೇರೆ ಅರ್ಥ ಬರಲು ಸಾಧ್ಯವೂ ಇರಲಿಲ್ಲ. ತಪ್ಪು ನನ್ನದು ಅಂತ ಆಗ ಗೊತ್ತಾಯಿತು. ಅಧಿಕಾರವನ್ನು ಮಾತ್ರ ಹೇಳಿ, ಅದು ಎಲ್ಲಿ ನಿಲ್ಲುತ್ತದೆ ಅಂತ ಹೇಳದಿದ್ದರೆ ಅರ್ಧ ಪಾಠ ಹೇಳಿದ ಹಾಗಲ್ಲ, ತಪ್ಪು ಪಾಠ ಹೇಳಿದ ಹಾಗೆ.

ಹಾಳೆ ನೋಡಿದ ಮೇಲೆ ಮಕ್ಕಳು ಇನ್ನೊಂದು ತುದಿಗೆ ಹೋಗುತ್ತಾರೆ. ‘ಹಾಗಾದರೆ ರಾಷ್ಟ್ರಪತಿ ಬರೀ ರಬ್ಬರ್ ಸ್ಟಾಂಪ್ ಅಲ್ವಾ ಮೇಡಂ?’ ಈ ಪ್ರಶ್ನೆ ಪ್ರತಿ ವರ್ಷ ಬರುತ್ತದೆ. ಇಲ್ಲಿ ಅವಸರ ಮಾಡಬಾರದು. ನಾನು ಎರಡು ಪೀರಿಯಡ್ ಇದಕ್ಕೇ ಇಡುತ್ತೇನೆ.

74ನೇ ವಿಧಿ ಪ್ರಕಾರ ರಾಷ್ಟ್ರಪತಿಗೆ ಸಲಹೆ ಕೊಡಲು ಪ್ರಧಾನಮಂತ್ರಿ ಮುಖ್ಯಸ್ಥರಾಗಿರುವ ಮಂತ್ರಿಮಂಡಲ ಇದೆ. ಆ ಸಲಹೆಯಂತೆಯೇ ನಡೆಯಬೇಕು ಅಂತ 1976ರ 42ನೇ ತಿದ್ದುಪಡಿ ಸ್ಪಷ್ಟವಾಗಿ ಬರೆಯಿತು. 1978ರ 44ನೇ ತಿದ್ದುಪಡಿ ಒಂದು ಸಣ್ಣ ಬಾಗಿಲು ತೆರೆಯಿತು. ‘ಇನ್ನೊಮ್ಮೆ ಯೋಚಿಸಿ’ ಎಂದು ರಾಷ್ಟ್ರಪತಿ ಸಲಹೆಯನ್ನು ವಾಪಸ್ ಕಳಿಸಬಹುದು. ಮಂತ್ರಿಮಂಡಲ ಮತ್ತೆ ಅದನ್ನೇ ಹೇಳಿದರೆ ಒಪ್ಪಲೇಬೇಕು. ಒಂದು ಸಲ ಕೇಳುವ ಅಧಿಕಾರ, ಅಷ್ಟೇ.

‘ಅದರಿಂದ ಏನು ಪ್ರಯೋಜನ?’ ಅಂತ ಮಕ್ಕಳು ಕೇಳುತ್ತಾರೆ. ಆಗ ನಾನು 1997ರ ಅಕ್ಟೋಬರ್ ಕಥೆ ಹೇಳುತ್ತೇನೆ. ಉತ್ತರ ಪ್ರದೇಶದಲ್ಲಿ ರಾಷ್ಟ್ರಪತಿ ಆಳ್ವಿಕೆ ಹೇರಬೇಕು ಅಂತ ಪ್ರಧಾನಿ ಗುಜ್ರಾಲ್ ಅವರ ಸಂಪುಟ ಶಿಫಾರಸು ಮಾಡಿತು. ರಾಷ್ಟ್ರಪತಿ ಕೆ.ಆರ್. ನಾರಾಯಣನ್ ಅದನ್ನು ಮರುಪರಿಶೀಲನೆಗೆ ಕಳಿಸಿದರು. ಸಂಪುಟ ಅದನ್ನು ಎರಡನೇ ಸಲ ಕಳಿಸಲೇ ಇಲ್ಲ. ಒಂದು ರಾಜ್ಯದ ಸರ್ಕಾರ ಉಳಿಯಿತು. 2006ರಲ್ಲಿ ಅಬ್ದುಲ್ ಕಲಾಂ ಅವರು ಲಾಭದಾಯಕ ಹುದ್ದೆಯ ಮಸೂದೆಯನ್ನು, ಅಂದರೆ ಸಂಸದರು ಯಾವ ಸರ್ಕಾರಿ ಹುದ್ದೆ ಹಿಡಿದರೂ ಸದಸ್ಯತ್ವ ಹೋಗುವುದಿಲ್ಲ ಅಂತ ಹೇಳುವ ಮಸೂದೆಯನ್ನು, ಸಂಸತ್ತಿಗೆ ವಾಪಸ್ ಕಳಿಸಿದರು. ಅಲ್ಲಿ ಹಾಗಾಗಲಿಲ್ಲ. ಸಂಸತ್ತು ಅದನ್ನೇ ಮತ್ತೆ ಪಾಸು ಮಾಡಿತು, ಅವರು ಅಂಕಿತ ಹಾಕಿದರು. ಎರಡನ್ನೂ ಒಟ್ಟಿಗೇ ಹೇಳಬೇಕು. ಒಂದನ್ನೇ ಹೇಳಿದರೆ ಮಕ್ಕಳು ಮತ್ತೆ ಒಂದು ತುದಿಗೆ ಹೋಗಿ ನಿಲ್ಲುತ್ತಾರೆ.

ಮಂತ್ರಿಮಂಡಲದ ಮೇಲೆ ಯಾರು ಅನ್ನುವುದಕ್ಕೆ ನಮ್ಮ ದೇವೇಗೌಡರ ಉದಾಹರಣೆಯೇ ಸಾಕು. 1996ರ ಜೂನ್ 1ರಂದು ಅವರು ಪ್ರಧಾನಿಯಾದಾಗ ಸಂಸತ್ತಿನ ಸದಸ್ಯರೇ ಆಗಿರಲಿಲ್ಲ. ಆರು ತಿಂಗಳೊಳಗೆ ಆಗಬೇಕು ಅನ್ನುವುದು ನಿಯಮ. ರಾಜ್ಯಸಭೆಗೆ ಹೋದರು. ಆದರೆ ಉತ್ತರ ಕೊಡಬೇಕಾದದ್ದು ಲೋಕಸಭೆಗೆ. 1997ರ ಏಪ್ರಿಲ್‌ನಲ್ಲಿ ಅಲ್ಲಿ ವಿಶ್ವಾಸಮತ ಸೋತರು, ಇಡೀ ಸಂಪುಟ ಹೋಯಿತು. ಎರಡು ವರ್ಷದ ನಂತರ, 1999ರ ಏಪ್ರಿಲ್ 17ರಂದು ವಾಜಪೇಯಿ ಸರ್ಕಾರ 269–270ರಲ್ಲಿ ಬಿತ್ತು. ಒಂದೇ ಮತ! ಈ ಅಂಕಿ ಬೋರ್ಡಿನ ಮೇಲೆ ಬರೆದರೆ ತರಗತಿ ಒಂದು ನಿಮಿಷ ಸುಮ್ಮನಾಗುತ್ತದೆ. 75ನೇ ವಿಧಿಯ ಸಾಮೂಹಿಕ ಹೊಣೆ ಅನ್ನುವುದನ್ನು ನಾನು ಬೇರೆ ವಿವರಿಸಬೇಕಾಗಿ ಬರುವುದಿಲ್ಲ.

ನನಗೆ ತುಂಬ ಇಷ್ಟದ ಭಾಗ ಸುಗ್ರೀವಾಜ್ಞೆ. ಸಂಸತ್ತಿನ ಅಧಿವೇಶನ ಇಲ್ಲದಾಗ ತುರ್ತು ಅಗತ್ಯ ಬಿದ್ದರೆ ಸರ್ಕಾರ ಹೊರಡಿಸುವ ಕಾನೂನು ಅದು, 123ನೇ ವಿಧಿ. ಕನ್ನಡದ ಈ ಪದದಲ್ಲೇ ಪಾಠ ಇದೆ. ನಮ್ಮ ಮಕ್ಕಳಿಗೆ ಯಕ್ಷಗಾನ ಗೊತ್ತು. ಸುಗ್ರೀವ ಕಪಿಗಳಿಗೆ ಏನಂತ ಹೇಳಿದ ಅಂತ ಕೇಳಿದರೆ ಹಿಂದಿನ ಬೆಂಚಿನವರೂ ಕೈ ಎತ್ತುತ್ತಾರೆ. ಸೀತೆಯನ್ನು ಹುಡುಕಿ, ಒಂದು ತಿಂಗಳೊಳಗೆ ವಾಪಸ್ ಬನ್ನಿ, ಬಾರದಿದ್ದರೆ ತಲೆ ಉಳಿಯುವುದಿಲ್ಲ. ಎಲ್ಲರಿಗೂ ನೆನಪಿರುವುದು ಆ ಮಾತಿನ ಬಿಗಿ. ನಾನು ತೋರಿಸುವುದು ಅದರ ಗಡುವನ್ನು. ನಮ್ಮ ಸುಗ್ರೀವಾಜ್ಞೆಗೂ ಗಡುವು ಇದೆ. ಸಂಸತ್ತು ಮತ್ತೆ ಸೇರಿದ ಆರು ವಾರದೊಳಗೆ ಒಪ್ಪಿಗೆ ಸಿಗದಿದ್ದರೆ ಅದು ಸತ್ತ ಹಾಗೆ.

ಹಾಗೆ ಸಾಯಬೇಕಾದದ್ದನ್ನು ಬಿಹಾರದಲ್ಲಿ ಬದುಕಿಸಿಟ್ಟರು. ಅಲ್ಲಿ ರಾಜ್ಯಪಾಲರ ಸುಗ್ರೀವಾಜ್ಞೆಗಳನ್ನು ಶಾಸನಸಭೆಯ ಮುಂದೆ ಇಡದೆ ಮತ್ತೆ ಮತ್ತೆ ಹೊರಡಿಸುತ್ತಿದ್ದರು. ಕೆಲವು 14 ವರ್ಷದವರೆಗೆ ಹಾಗೇ ನಡೆದವು. ಇದನ್ನು ಒಂದೊಂದಾಗಿ ಲೆಕ್ಕ ಹಾಕಿ ಸುಪ್ರೀಂ ಕೋರ್ಟಿಗೆ ಹೋದವರು ಡಿ.ಸಿ. ವಾಧ್ವಾ, ಪುಣೆಯ ಗೋಖಲೆ ಸಂಸ್ಥೆಯಲ್ಲಿ ಅರ್ಥಶಾಸ್ತ್ರದ ಪ್ರೊಫೆಸರ್. ಕೋರ್ಟು 1986ರಲ್ಲಿ ಇದನ್ನು ಸಂವಿಧಾನಕ್ಕೆ ಮಾಡಿದ ವಂಚನೆ ಎಂದಿತು. ಒಬ್ಬ ಮೇಷ್ಟ್ರು ಹಳೆಯ ರಾಜ್ಯಪತ್ರಗಳನ್ನು ಕೂತು ಓದಿ ಒಂದು ಸರ್ಕಾರವನ್ನು ತಡೆದರು ಅಂತ ಹೇಳುವಾಗ ನನ್ನ ದನಿ ಸ್ವಲ್ಪ ಏರುತ್ತದೆ. ಏರಲಿ.

ರಾಷ್ಟ್ರಪತಿ ಆಳ್ವಿಕೆಗೆ ಮಿತಿ ಹಾಕಿದ ತೀರ್ಪಿಗಂತೂ ನಮ್ಮ ರಾಜ್ಯದ ಮುಖ್ಯಮಂತ್ರಿಯದ್ದೇ ಹೆಸರು. 1989ರ ಏಪ್ರಿಲ್‌ನಲ್ಲಿ ಎಸ್.ಆರ್. ಬೊಮ್ಮಾಯಿ ಸರ್ಕಾರವನ್ನು ವಜಾ ಮಾಡಿದರು. 1994ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿತು: ಬಹುಮತ ಇದೆಯೋ ಇಲ್ಲವೋ ಅನ್ನುವುದು ಸದನದಲ್ಲಿ ತೀರ್ಮಾನ ಆಗಬೇಕು, ರಾಜಭವನದಲ್ಲಿ ಅಲ್ಲ.

ಇಷ್ಟಾದರೂ ಒಂದು ವಿಷಯ ಮಕ್ಕಳಿಗೆ ಹಿಡಿಯುತ್ತಿರಲಿಲ್ಲ. ಕೇಂದ್ರದ ಕೈ ಎಲ್ಲಿಯವರೆಗೆ ಅನ್ನುವುದು. 73ನೇ ವಿಧಿ ಓದಿ ಹೇಳಿದರೆ ಆಕಳಿಕೆ ಬರುತ್ತಿತ್ತು. ಅದನ್ನು ಬಿಡಿಸಿಕೊಟ್ಟದ್ದು ನಾನಲ್ಲ, ಒಬ್ಬಳು ಹುಡುಗಿ. ಅವಳ ಅಪ್ಪ ಟ್ರಾಲ್ ಬೋಟಿನ ತಾಂಡೇಲ, ಅಂದರೆ ಬೋಟು ನಡೆಸುವವರು. ಜುಲೈ ತಿಂಗಳು, ಹೊರಗೆ ಜೋರು ಮಳೆ, ಮೀನುಗಾರಿಕೆಗೆ ರಜೆ. ‘ಮೇಡಂ, ಈ ರಜೆ ಮಾಡುವುದು ದೆಹಲಿಯಾ, ಬೆಂಗಳೂರಾ?’ ಅಂತ ಕೇಳಿದಳು.

ನಾನು ಬೋರ್ಡಿನ ಮೇಲೆ ಒಂದು ಗೆರೆ ಎಳೆದೆ. ಇದು ಮಲ್ಪೆ ದಡ. ಇಲ್ಲಿಂದ 12 ನಾಟಿಕಲ್ ಮೈಲು, ಅಂದರೆ ಸುಮಾರು 22 ಕಿಲೋಮೀಟರ್, ಅದರೊಳಗಿನ ಮೀನುಗಾರಿಕೆ ರಾಜ್ಯಪಟ್ಟಿಯದ್ದು, ಅಂದರೆ ರಾಜ್ಯ ಕಾನೂನು ಮಾಡಬಹುದು ಅಂತ ಸಂವಿಧಾನ ಕೊಟ್ಟಿರುವ ವಿಷಯಗಳ ಪಟ್ಟಿಯದ್ದು. ಅಲ್ಲಿ ಆದೇಶ ರಾಜ್ಯದ್ದು. ಅದರ ಆಚೆ 200 ನಾಟಿಕಲ್ ಮೈಲಿನವರೆಗೆ ಕೇಂದ್ರದ ಆದೇಶ. ಎರಡೂ ಕಡೆ ಜೂನ್ 1ರಿಂದ ಜುಲೈ 31, 61 ದಿನ. ದಿನ ಒಂದೇ ಆದ್ದರಿಂದ ಆದೇಶವೂ ಒಂದೇ ಅಂತ ಎಲ್ಲರೂ ಅಂದುಕೊಂಡಿದ್ದರು. ‘ಪಟ್ಟಿಯಲ್ಲಿ ಯಾರಿಗೆ ಕಾನೂನು ಮಾಡುವ ಹಕ್ಕು ಇದೆಯೋ, ಆಡಳಿತದ ಕೈಯೂ ಅಲ್ಲಿಯವರೆಗೇ’ ಅಂದೆ. 73ನೇ ವಿಧಿ ಮುಗಿಯಿತು.

ಬಂದರಿನ ವಿಷಯವನ್ನು ಅವರೇ ಸೇರಿಸಿದರು. ಪಣಂಬೂರಿನ ನವಮಂಗಳೂರು ಬಂದರು ಕೇಂದ್ರದ್ದು. ಮಂಗಳೂರಿನ ಹಳೇ ಬಂದರು, ನಮ್ಮ ಮಲ್ಪೆ ಬಂದರು ರಾಜ್ಯದ್ದು. ಧಕ್ಕೆಯಲ್ಲಿ ಹೂಳು ತುಂಬಿದರೆ ಅರ್ಜಿ ಯಾರಿಗೆ ಬರೆಯಬೇಕು ಅಂತ ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಅಷ್ಟರಲ್ಲಿ ಬೆಲ್ ಆಯಿತು. ಆ ಹುಡುಗಿ ಪುಸ್ತಕ ಮಡಚಲಿಲ್ಲ. ಬೋರ್ಡಿನ ಮೇಲಿನ ಗೆರೆಯನ್ನೇ ನೋಡುತ್ತಿದ್ದಳು.

‘200ರ ಆಚೆ ಯಾರ ಆದೇಶ ಮೇಡಂ?’

‘ಅಲ್ಲಿ ನೀರು ಯಾವ ದೇಶದ್ದೂ ಅಲ್ಲ. ಆದರೆ ಬೋಟಿನ ಮೇಲೆ ಯಾವ ದೇಶದ ಬಾವುಟ ಇದೆಯೋ, ಆ ದೇಶದ ಕಾನೂನು ಬೋಟಿನ ಜೊತೆ ಹೋಗುತ್ತದೆ’ ಅಂದೆ. ಮರುದಿನದ ಪೀರಿಯಡ್ ಅಲ್ಲಿಂದಲೇ ಶುರುವಾಯಿತು.