ನೆಗಡಿ ಬಂದರೆ ಬಣ್ಣ ನೋಡಬೇಡಿ, ದಿನ ಎಣಿಸಿ

ಮೂಗು ಒರೆಸಿದ ಮೇಲೆ ಕರವಸ್ತ್ರ ಬಿಡಿಸಿ ನೋಡದವರು ಯಾರಿದ್ದಾರೆ ಹೇಳಿ? ಮೂರನೇ ದಿನ ಸಿಂಬಳ ಹಸಿರಾಗಿ ಕಂಡರೆ ಸಾಕು, ಇನ್‌ಫೆಕ್ಷನ್ ಜಾಸ್ತಿ ಆಯ್ತು ಅಂತ ಆಂಟಿಬಯಾಟಿಕ್ ಹುಡುಕಲು ಹೊರಡುತ್ತೇವೆ. ಆ ಹಸಿರು ವೈರಸ್ಸಿನದಲ್ಲ. ಅದರ ಜೊತೆ ಗುದ್ದಾಡಲು ಬಂದ ನಮ್ಮದೇ ಬಿಳಿ ರಕ್ತಕಣಗಳಲ್ಲಿರುವ ಒಂದು ಕಿಣ್ವದ ಬಣ್ಣ. ಸಾದಾ ವೈರಲ್ ನೆಗಡಿಯಲ್ಲೂ ಹೀಗೇ ಆಗುತ್ತದೆ, ಮತ್ತು ವೈರಸ್ ಮೇಲೆ ಆಂಟಿಬಯಾಟಿಕ್ ಕೆಲಸವನ್ನೇ ಮಾಡುವುದಿಲ್ಲ.

ಮೊದಲು, ಒಂದು ಸಾಲು ಬರೆದಿಡಿ

ಗಂಟಲು ಕೆರೆತ ಶುರುವಾದ ದಿನವನ್ನು ಫೋನಿನಲ್ಲಿ ಬರೆದುಕೊಳ್ಳಿ. ಆಮೇಲೆ ದಿನಕ್ಕೊಂದು ಸಾಲು: ನಿನ್ನೆಗಿಂತ ಮೇಲು, ಹಾಗೇ ಇದೆ, ಅಥವಾ ಜಾಸ್ತಿಯಾಗಿದೆ. ಸಾಮಾನ್ಯವಾಗಿ ಗಂಟಲು ಮೊದಲು ಕೆಡುತ್ತದೆ, ಬೇಗ ಸರಿಯೂ ಹೋಗುತ್ತದೆ. ಮೂಗು ಮೂರನೇ ದಿನದ ಹೊತ್ತಿಗೆ ಪೂರ್ತಿ ಕಟ್ಟಿ, 7ರಿಂದ 10 ದಿನಗಳಲ್ಲಿ ಬಿಡುತ್ತದೆ. ಕೆಮ್ಮು ಮಾತ್ರ 3 ವಾರ ಎಳೆದರೂ ಆಶ್ಚರ್ಯವಿಲ್ಲ.

ಡಾಕ್ಟರ ಹತ್ತಿರ ಹೋಗಬೇಕಾದ್ದು ಯಾವಾಗ? 10 ದಿನವಾದರೂ ಸ್ವಲ್ಪವೂ ಇಳಿದಿಲ್ಲ ಅಂದಾಗ. ಇಳಿದಂತಾಗಿ ಮತ್ತೆ ಜ್ವರ, ಮುಖನೋವು ಏರಿದಾಗ. ಇಲ್ಲವೇ ಶುರುವಿನಿಂದಲೇ 39 ಡಿಗ್ರಿ ಸೆಲ್ಸಿಯಸ್ ದಾಟಿದ ಜ್ವರ, ಕೀವಿನಂಥ ಸಿಂಬಳ ಮೂರು ನಾಲ್ಕು ದಿನ ಬಿಡದೇ ಇದ್ದಾಗ. ಆಗ ಸೈನಸ್‌ಗೆ, ಅಂದರೆ ಮೂಗಿನ ಸುತ್ತಲ ಮೂಳೆಗಳೊಳಗಿನ ಟೊಳ್ಳುಗಳಿಗೆ, ಬ್ಯಾಕ್ಟೀರಿಯಾ ಸೇರಿಕೊಂಡಿರಬಹುದು. ಕಣ್ಣಿನ ಸುತ್ತ ಊದಿಕೊಂಡರೆ ಮಾತ್ರ ದಿನ ಎಣಿಸುತ್ತ ಕೂರಬೇಡಿ, ಅವತ್ತೇ ಹೋಗಿ.

ಗಂಟಲು: ಕನ್ನಡಿ ಮುಂದೆ ಟಾರ್ಚ್ ಬಿಟ್ಟು ನೋಡಿ

ಗಂಟಲು ನೋವಿನ ಜೊತೆ ಕೆಮ್ಮು, ಸೋರುವ ಮೂಗು, ಒಡೆದ ದನಿ ಇದ್ದರೆ ಅದು ವೈರಸ್ಸಿನ ಕೆಲಸ ಅನ್ನಬಹುದು. ಕೆಮ್ಮು ನೆಗಡಿ ಏನೂ ಇಲ್ಲ, ಜ್ವರ ಇದೆ, ಟಾನ್ಸಿಲ್ ಮೇಲೆ ಬಿಳಿ ಚುಕ್ಕೆಗಳಿವೆ, ದವಡೆ ಕೆಳಗೆ ಮುಟ್ಟಿದರೆ ನೋಯುವ ಗಂಟುಗಳಿವೆ ಅಂದರೆ ಪರೀಕ್ಷೆ ಮಾಡಿಸಿ, ಅದು ಬ್ಯಾಕ್ಟೀರಿಯಾ ಆಗಿರುವ ಸಾಧ್ಯತೆ ಹೆಚ್ಚು. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಬಾಯಿ ಮುಕ್ಕಳಿಸಿದರೆ ನೋವು ಸ್ವಲ್ಪ ಹೊತ್ತು ಇಳಿಯುತ್ತದೆ. ದನಿ ಹೋದಾಗ ಪಿಸುಗುಟ್ಟಬೇಡಿ, ಅದೂ ಗಂಟಲಿಗೆ ಶ್ರಮವೇ. ಸುಮ್ನೆ ಇರುವುದು ವಾಸಿ. ಎಂಜಲು ನುಂಗಲೂ ಆಗದೆ ಸೋರುತ್ತಿದ್ದರೆ, ಬಾಯಿ ತೆರೆಯಲು ಬಾರದಿದ್ದರೆ, ಉಸಿರೆಳೆಯುವಾಗ ಕೀರಲು ಸದ್ದು ಬಂದರೆ ಅದು ತುರ್ತು.

ಮೂಗು: ಎಲ್ಲರೂ ಎಡವುವ ಜಾಗ

ಮೂಗು ಕಟ್ಟುವುದು ಸಿಂಬಳದಿಂದ ಅಂದುಕೊಂಡಿರುತ್ತೇವೆ. ಹೆಚ್ಚಾಗಿ ಕಟ್ಟುವುದು ಒಳಗಿನ ರಕ್ತನಾಳಗಳು ಊದಿಕೊಂಡು. ಅದಕ್ಕೇ ಎಷ್ಟು ಒತ್ತಿ ಊದಿದರೂ ದಾರಿ ಬಿಡುವುದಿಲ್ಲ, ಬದಲಿಗೆ ಒತ್ತಡಕ್ಕೆ ಸಿಂಬಳ ಸೈನಸ್ ಕಡೆ ನುಗ್ಗಬಹುದು. ಒಂದು ಹೊಳ್ಳೆ ಮುಚ್ಚಿ, ಇನ್ನೊಂದನ್ನು ಮೆಲ್ಲಗೆ ಊದಿ. ಅಂದಹಾಗೆ, ಆರೋಗ್ಯವಾಗಿದ್ದಾಗಲೂ ನಮ್ಮ ಎರಡು ಹೊಳ್ಳೆಗಳು ಕೆಲವು ಗಂಟೆಗಳಿಗೊಮ್ಮೆ ಸರದಿಯಂತೆ ಊದಿಕೊಳ್ಳುತ್ತವೆ. ರಾತ್ರಿ ಮಗ್ಗುಲು ಬದಲಿಸಿದಾಗ ಕಟ್ಟಿದ ಹೊಳ್ಳೆಯೂ ಬದಲಾಗುವುದನ್ನು ಗಮನಿಸಿದ್ದೀರಲ್ವಾ?

ಉಪ್ಪುನೀರಿನಿಂದ ಮೂಗು ತೊಳೆಯುವುದು ಒಳ್ಳೆಯದು, ಆದರೆ ನಲ್ಲಿ ನೀರು ನೇರವಾಗಿ ಬಳಸಬೇಡಿ. ಅಪರೂಪಕ್ಕೆ ಅದರಲ್ಲಿರುವ ಒಂದು ಅಮೀಬಾ ಮೂಗಿನಿಂದ ಮೆದುಳಿಗೆ ಹೋಗಿ ಜೀವ ತೆಗೆಯುತ್ತದೆ. ಕೊತಕೊತ ಕುದಿಸಿ ಆರಿಸಿದ ನೀರಿಗೆ, ಔಷಧಿ ಅಂಗಡಿಯಲ್ಲಿ ಇದಕ್ಕೆಂದೇ ಸಿಗುವ ಉಪ್ಪಿನ ಪೊಟ್ಟಣ ಬೆರೆಸಿ. ಸಿಂಕ್ ಮೇಲೆ ಬಾಗಿ, ತಲೆ ಒಂದು ಪಕ್ಕಕ್ಕೆ ವಾಲಿಸಿ, ಬಾಯಲ್ಲಿ ಉಸಿರಾಡುತ್ತ ಮೇಲಿನ ಹೊಳ್ಳೆಗೆ ನೀರು ಬಿಡಿ. ಕೆಳಗಿನದರಿಂದ ಇಳಿದು ಹೋಗುತ್ತದೆ. ಮೊದಲ ಸಲ ಉಸಿರು ಕಟ್ಟಿದಂತೆ ಗಾಬರಿಯಾಗುತ್ತದೆ, ಎರಡನೇ ಸಲಕ್ಕೆ ಅಭ್ಯಾಸವಾಗುತ್ತದೆ.

ಇನ್ನು ಮೂಗು ಬಿಡಿಸುವ ಡ್ರಾಪ್ಸ್. ಆಕ್ಸಿಮೆಟಾಜೋಲಿನ್, ಕ್ಸೈಲೋಮೆಟಾಜೋಲಿನ್ ಅಂತ ಶೀಷೆ ಮೇಲೆ ಬರೆದಿರುತ್ತದೆ. ಹಾಕಿದ ಕೆಲವೇ ನಿಮಿಷಕ್ಕೆ ಸ್ವರ್ಗ, ಆದರೆ 3 ದಿನ, ಬಹಳ ಅಂದರೆ 5 ದಿನ, ಅಷ್ಟಕ್ಕೇ ನಿಲ್ಲಿಸಿ. ಮುಂದುವರಿಸಿದರೆ ಔಷಧಿ ಇಳಿದ ಕೂಡಲೇ ಮೂಗು ಮೊದಲಿಗಿಂತ ಜೋರಾಗಿ ಕಟ್ಟುತ್ತದೆ, ಅದಕ್ಕೆ ಮತ್ತೆ ಡ್ರಾಪ್ಸ್ ಹಾಕುತ್ತೀರಿ, ಹೀಗೆ ನೆಗಡಿ ಹೋಗಿ ತಿಂಗಳಾದರೂ ಶೀಷೆ ಜೇಬಲ್ಲೇ ಉಳಿಯುತ್ತದೆ. ಮಕ್ಕಳಿಗೆ, ಬಿಪಿ ಇರುವವರಿಗೆ ಡಾಕ್ಟರನ್ನು ಕೇಳದೆ ಬೇಡ. ಮೆಂಥಾಲ್ ಮುಲಾಮು ಮೂಗಿನ ತಂಪು ಗುರುತಿಸುವ ನರಗಳನ್ನು ಕೆಣಕುತ್ತದೆ ಅಷ್ಟೇ, ದಾರಿ ಅಗಲವಾಗುವುದಿಲ್ಲ. ಹಬೆಯೂ ಹಿತ ಕೊಡುತ್ತದೆ, ವೈರಸ್ ಕೊಲ್ಲುವುದಿಲ್ಲ. ಮಕ್ಕಳ ಪಕ್ಕ ಬಿಸಿನೀರಿನ ಪಾತ್ರೆ ಇಡುವ ಸಾಹಸವಂತೂ ಬೇಡವೇ ಬೇಡ.

ಕಿವಿ: ಒಳಗೆ ಏನೂ ಹಾಕಬೇಡಿ

ಮೂಗಿನ ಹಿಂಭಾಗದಿಂದ ಕಿವಿಯ ತಮಟೆಯ ಹಿಂದಿನವರೆಗೆ ಸುಮಾರು ಮೂರೂವರೆ ಸೆಂಟಿಮೀಟರ್ ಉದ್ದದ ಒಂದು ಕೊಳವೆ ಇದೆ. ನೆಗಡಿಯಲ್ಲಿ ಅದರ ಬಾಯಿ ಊದಿಕೊಂಡಾಗ ಕಿವಿ ಗವ್ ಅನ್ನುತ್ತದೆ. ತೊಂದರೆ ಇರುವುದು ತಮಟೆಯ ಆಚೆ. ಈಚೆಯಿಂದ ಎಣ್ಣೆ, ಹತ್ತಿ ಕಡ್ಡಿ ಹಾಕಿದರೆ ಏನು ಬಂತು? ಎಂಜಲು ನುಂಗಿ, ಆಕಳಿಸಿ, ಚ್ಯೂಯಿಂಗ್ ಗಮ್ ಅಗಿಯಿರಿ. ಮಕ್ಕಳಲ್ಲಿ ಈ ಕೊಳವೆ ಗಿಡ್ಡ, ಹೆಚ್ಚು ಅಡ್ಡಡ್ಡ, ಹಾಗಾಗಿ ಅವರಿಗೆ ನೆಗಡಿಯ ಹಿಂದೆಯೇ ಕಿವಿ ನೋವು.

ಒಂದೇ ಕಿವಿ ಇದ್ದಕ್ಕಿದ್ದಂತೆ ಕೇಳಿಸುತ್ತಿಲ್ಲವೇ? ಬಾಯಿ ಮುಚ್ಚಿ 'ಹೂಂ' ಅಂತ ಎಳೆಯಿರಿ. ಮಂದವಾದ ಕಿವಿಯಲ್ಲೇ ಸದ್ದು ಜೋರಾಗಿದ್ದರೆ ಸಾಮಾನ್ಯವಾಗಿ ಅದು ಬರೀ ಕಟ್ಟಿಕೊಂಡಿರುವುದು. ಸರಿಯಿರುವ ಕಿವಿಯಲ್ಲಿ ಜೋರಾಗಿದ್ದರೆ ನರಕ್ಕೆ ಪೆಟ್ಟು ಬಿದ್ದಿರಬಹುದು. ಇದು ಬರೀ ಸುಳಿವು, ಪರೀಕ್ಷೆಯಲ್ಲ. ಏನೇ ಕೇಳಿಸಿದರೂ ಆದಷ್ಟು ಬೇಗ ಇಎನ್‌ಟಿ ಡಾಕ್ಟರಿಗೆ ತೋರಿಸಿ. ನರಕ್ಕೆ ಪೆಟ್ಟು ಬಿದ್ದಿದ್ದರೆ ಕೊಡುವ ಸ್ಟೀರಾಯ್ಡ್‌ನಿಂದ ಹೆಚ್ಚು ಪ್ರಯೋಜನ ಮೊದಲ 2 ವಾರದೊಳಗೆ. ಕಿವಿಯ ಹಿಂದೆ ಊದಿ ಕೆಂಪಾದರೂ ತಡ ಮಾಡಬೇಡಿ.

ವಾಸನೆ ಹೋದರೆ

2020ರ ಕೋವಿಡ್ ಇದನ್ನು ಮನೆಮಾತಾಗಿಸಿತು, ಆದರೆ ಬೇರೆ ನೆಗಡಿ ವೈರಸ್‌ಗಳೂ ವಾಸನೆ ಕಸಿಯುತ್ತವೆ. ನಾಲಿಗೆ ಮೇಲೆ ಉಪ್ಪು, ಸಕ್ಕರೆ ಇಟ್ಟು ನೋಡಿ. ಎರಡೂ ಗೊತ್ತಾದರೆ ಹೋಗಿರುವುದು ರುಚಿಯಲ್ಲ, ವಾಸನೆ. ಮೂಗು ಬಿಟ್ಟು ಕೆಲವು ವಾರವಾದರೂ ಬರದಿದ್ದರೆ ಡಾಕ್ಟರಿಗೆ ತೋರಿಸಿ, ಜೊತೆಗೆ ಅಭ್ಯಾಸ ಶುರು ಮಾಡಿ. ಗುಲಾಬಿ, ನಿಂಬೆ, ಲವಂಗ, ನೀಲಗಿರಿ ಎಣ್ಣೆಗಳ ನಾಲ್ಕು ಶೀಷೆ ಇಟ್ಟುಕೊಂಡು, ಒಂದೊಂದನ್ನೂ ಸುಮಾರು 20 ಸೆಕೆಂಡ್ ಮೂಸಿ. ಆ ವಾಸನೆ ಹೇಗಿತ್ತು ಅಂತ ನೆನಪಿಸಿಕೊಳ್ಳುತ್ತ ಮೂಸಬೇಕು. ದಿನಕ್ಕೆ ಎರಡು ಸಲ, ಕನಿಷ್ಠ 12 ವಾರ. ವಾಸನೆ ಮರಳುವವರೆಗೆ ಗ್ಯಾಸ್ ಸೋರಿದರೆ ನಿಮಗೆ ಗೊತ್ತಾಗುವುದಿಲ್ಲ, ಮನೆಯವರಿಗೆ ಹೇಳಿಡಿ. ಕೆಲವರಿಗೆ ನಡುವೆ ಗುಲಾಬಿಯೂ ಸುಟ್ಟ ರಬ್ಬರ್ ಹಾಗೆ ನಾರುತ್ತದೆ. ಕೆಟ್ಟು ಹೋಯಿತು ಅಂತ ಶೀಷೆ ಎಸೆಯಬೇಡಿ, ಎಷ್ಟೋ ಸಲ ಅದು ನರಗಳು ಮತ್ತೆ ಚಿಗುರುತ್ತಿರುವ ಹಂತ.