ವ್ಯಾಕ್ಯೂಮ್ ಕ್ಲೀನರ್‌ನಲ್ಲಿ ಗಾಳಿ ಎಲ್ಲಿ ಕಳೆಯುತ್ತದೆ: ನಾನು ಅಳೆಯುವ ರೀತಿ

ಹೋಸ್ ಪೈಪಿನ ಬಾಯಿಗೆ ಅಂಗೈ ಒತ್ತಿ, “ಎಳೆತ ಚಲೋ ಐತ್ರಿ, ಮಷಿನ್‌ಗೆ ಏನೂ ಆಗಿಲ್ಲ” ಎಂದು ಗಿರಾಕಿಯನ್ನು ಕಳಿಸುವುದು ರಿಪೇರಿ ಅಂಗಡಿಗಳ ರೂಢಿ. ಒಳಗಿನ ಧೂಳಿನ ಚೀಲ ಕಟ್ಟಿಕೊಂಡಿದ್ದರೆ ಈ ಪರೀಕ್ಷೆಯಿಂದ ಎಂದಿಗೂ ಗೊತ್ತಾಗುವುದಿಲ್ಲ. ಬಾಯಿ ಮುಚ್ಚಿದಾಗ ಒಳಗೆ ಗಾಳಿ ಹರಿಯುವುದೇ ಇಲ್ಲ. ಗಾಳಿ ಹರಿಯದಿದ್ದರೆ ಚೀಲವಾಗಲಿ ಫಿಲ್ಟರ್ ಆಗಲಿ ಅಡ್ಡಿ ಮಾಡುವುದಾದರೂ ಯಾವುದಕ್ಕೆ? ಧೂಳು ತುಂಬಿ ಗಟ್ಟಿಯಾದ ಚೀಲ ಇದ್ದರೂ ಮುಚ್ಚಿದ ಬಾಯಿಯ ಎಳೆತ ಹೊಸ ಮಷಿನ್‌ನಷ್ಟೇ ಬರುತ್ತದೆ. ಕಸ ಎತ್ತುವುದು ಹರಿಯುವ ಗಾಳಿ. ಹಾಗಾಗಿ ಬಾಯಿ ಮುಚ್ಚಿ ಒಮ್ಮೆ, ಗೊತ್ತಿರುವ ಅಳತೆಯ ರಂಧ್ರ ಇಟ್ಟು ಒಮ್ಮೆ, ಎರಡು ಸಲ ಅಳೆಯಲೇಬೇಕು.

ಅಳೆಯಲು ಒಂದು ಡಬ್ಬಿ ಬೇಕು. ಪೇಂಟಿನ 20 ಲೀಟರ್ ಬಕೆಟ್ ಬಳಸಬೇಡಿ. ಒಳಗಿನ ಗಾಳಿ ಎಳೆದಾಗ ಹೊರಗಿನ ಗಾಳಿಯಿಂದ ಅದರ ಮುಚ್ಚಳದ ಮೇಲೆ ನೂರು ಕಿಲೋಗಿಂತ ಹೆಚ್ಚು ಭಾರ ಬಿದ್ದು ಒಳಗೆ ಕುಸಿಯುತ್ತದೆ. ನನ್ನದು 160 ಮಿ.ಮೀ. ಪಿವಿಸಿ ಪೈಪಿನ 50 ಸೆಂ.ಮೀ. ತುಂಡು, ಎರಡೂ ಕಡೆ ಎಂಡ್ ಕ್ಯಾಪ್. ಒಂದು ಕ್ಯಾಪಿಗೆ ಹೋಸ್ ಸಿಕ್ಕಿಸುವ ಬುಷ್, ಇನ್ನೊಂದಕ್ಕೆ ಬದಲಾಯಿಸಬಹುದಾದ ರಂಧ್ರದ ತಗಡು. ನಡುವೆ ಒಂದು ತೂತುತೂತಿನ ತಗಡು ಅಡ್ಡ ಇಟ್ಟಿದ್ದೇನೆ. ಅದು ಇಲ್ಲದಿದ್ದರೆ ರಂಧ್ರದಿಂದ ನುಗ್ಗುವ ಗಾಳಿಯ ಧಾರೆ ನೇರ ಹೋಸ್‌ನೊಳಗೆ ಹೊಕ್ಕು ರೀಡಿಂಗ್ ತಪ್ಪುತ್ತದೆ. ಒತ್ತಡ ತೆಗೆದುಕೊಳ್ಳುವ ತೂತು ಪಕ್ಕದ ಗೋಡೆಯಲ್ಲಿ, 2 ಮಿ.ಮೀ.; ಒಳಗಡೆ ಮುಳ್ಳು ಉಳಿಯದಂತೆ ಉಜ್ಜಬೇಕು.

ರಂಧ್ರದ ತಗಡನ್ನು ಕೈ ಡ್ರಿಲ್‌ನಿಂದ ಮಾಡಬಾರದು. ಬೆಳಗಾವಿಯ ಉದ್ಯಮಬಾಗದಲ್ಲಿ ಲೇತ್‌ಗಳಿಗೆ ಕೊರತೆ ಇಲ್ಲ. 3 ಮಿ.ಮೀ. ಅಲ್ಯೂಮಿನಿಯಂ ತಗಡಿನಲ್ಲಿ ಸರಿಯಾಗಿ 19 ಮಿ.ಮೀ. ಬೋರ್ ಮಾಡಿಸಿ. ಹೊರಮೈಯ ಅಂಚು ಚೂಪಾಗಿರಬೇಕು, ಒಳಮೈಯಲ್ಲಿ 45 ಡಿಗ್ರಿ ಇಳಿಜಾರು ಕೊಟ್ಟು ಬೋರಿನ ನೇರ ಭಾಗ 1 ಮಿ.ಮೀ. ಮಾತ್ರ ಉಳಿಸಬೇಕು. ಗಾಳಿ ಒಳಬರುವ ಆ ಚೂಪು ಅಂಚು ಸ್ವಲ್ಪ ದುಂಡಾದರೂ ಅದೇ ರಂಧ್ರದಲ್ಲಿ ಎಷ್ಟೋ ಹೆಚ್ಚು ಗಾಳಿ ಹೋಗುತ್ತದೆ, ಲೆಕ್ಕವೆಲ್ಲ ಹಾಳು. ಇದರ ಜೊತೆ ರಂಧ್ರವೇ ಇಲ್ಲದ ಒಂದು ತಗಡೂ ಬೇಕು.

ಮೀಟರ್ ಎಂದರೆ ಗೌಂಡಿಗಳ ಲೆವೆಲ್ ಪೈಪು. ಗೋಡೆಗೆ ಎರಡೂವರೆ ಮೀಟರ್ ಎತ್ತರಕ್ಕೆ ಯು ಆಕಾರದಲ್ಲಿ ಬಿಗಿದು, ನಡುವೆ ಅಳತೆಯ ಟೇಪ್ ಅಂಟಿಸಿ, ಅರ್ಧದವರೆಗೆ ಬಣ್ಣದ ನೀರು ತುಂಬಿ. ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿದರೆ ನೀರಿನ ಮಟ್ಟ ಸ್ಪಷ್ಟವಾಗಿ ಕಾಣುತ್ತದೆ. ಪೈಪಿನ ಒಂದು ತುದಿ ಡಬ್ಬಿಯ ಒತ್ತಡದ ತೂತಿಗೆ, ಇನ್ನೊಂದು ತೆರೆದೇ ಇರಬೇಕು. ಎರಡೂ ಕಾಲುಗಳ ಮಟ್ಟದ ವ್ಯತ್ಯಾಸವೇ ರೀಡಿಂಗ್. ಡಬ್ಬಿಗೂ ಪೈಪಿಗೂ ನಡುವೆ, ಉಕ್ಕಿ ಬಂದ ನೀರು ಹಿಡಿಯಲು, ಗಾಜಿನ ಬಾಟಲಿ ಕಡ್ಡಾಯ. ಅದು ಇಲ್ಲದಿದ್ದರೆ ಒಂದು ದಿನ ನೀರು ಮೋಟಾರಿಗೆ ಹೋಗುವುದು ಖಂಡಿತ.

19 ಮಿ.ಮೀ. ರಂಧ್ರಕ್ಕೆ ಲೆಕ್ಕ ಸರಳ. ನೀರಿನ ವ್ಯತ್ಯಾಸವನ್ನು ಮಿ.ಮೀ.ನಲ್ಲಿ ಓದಿ, ಅದರ ವರ್ಗಮೂಲವನ್ನು 0.73ರಿಂದ ಗುಣಿಸಿದರೆ ಸೆಕೆಂಡಿಗೆ ಎಷ್ಟು ಲೀಟರ್ ಗಾಳಿ ಎಂದು ಸಿಗುತ್ತದೆ. 900 ಬಂದರೆ 30 × 0.73, ಅಂದರೆ ಸುಮಾರು 22 ಲೀಟರ್. ಗಾಳಿ ಹಿಗ್ಗುವುದನ್ನು ಈ ಲೆಕ್ಕ ಹಿಡಿಯುವುದಿಲ್ಲ, ನಿಜ ಹರಿವು ಕೆಲವು ಶೇಕಡ ಕಡಿಮೆ. ಹೋಲಿಕೆಗೆ ಇದರಿಂದ ತೊಂದರೆಯಿಲ್ಲ.

ಈಗ ಮುಖ್ಯ ಕೆಲಸ: ಮೋಟಾರಿನಿಂದ ಹೊರಕ್ಕೆ ಒಂದೊಂದೇ ಭಾಗ ಸೇರಿಸುತ್ತ ಹೋಗುವುದು. ಮೊದಲು ಚೀಲ ತೆಗೆದು, ಡಬ್ಬಿಯನ್ನು ಮಷಿನ್‌ನ ಬಾಯಿಗೇ ಜೋಡಿಸಿ ಅಳೆಯಬೇಕು. ಸಂದಿಗೆ ಹಳೆ ಸೈಕಲ್ ಟ್ಯೂಬಿನ ತುಂಡು, ಮೇಲೆ ಕ್ಲಿಪ್. ಚೀಲ ಇಲ್ಲದಿದ್ದರೆ ಕೆಲವು ಮಷಿನ್‌ಗಳ ಮುಚ್ಚಳ ಕೂರುವುದಿಲ್ಲ, ಒಳಗಿನ ಸಣ್ಣ ಲಿವರನ್ನು ದಾರದಿಂದ ಕಟ್ಟಬೇಕು. ನಂತರ ಹೊಸ ಚೀಲ, ಆಮೇಲೆ ಹೋಸ್, ಕೊನೆಗೆ ಉದ್ದ ಪೈಪುಗಳು. ಸರಿಯಿರುವ ಒಂದು 1400 ವ್ಯಾಟ್ ಮಷಿನ್‌ನಲ್ಲಿ, 19 ಮಿ.ಮೀ. ರಂಧ್ರದ ತಗಡು ಇಟ್ಟು, ಕ್ರಮವಾಗಿ 900, 840, 760, 745 ಬಂತು. ಹೋಸ್ ಒಂದೇ 80 ಮಿ.ಮೀ. ತಿನ್ನುತ್ತದೆ, ಅದರ ಒಳಮೈ ಸುರುಳಿಯಾಗಿರುವುದೇ ಕಾರಣ. ನುಣುಪಾದ ಲೋಹದ ಪೈಪು ತಿನ್ನುವುದು ಬರೀ 15. ಅದೇ ಮಷಿನ್‌ಗೆ ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಧೂಳು ಹಿಡಿದ ಬಟ್ಟೆ ಚೀಲ ಹಾಕಿದರೆ ಕೊನೆಯ ಅಂಕಿ 430, ಅಂದರೆ ಹರಿವು 20 ಲೀಟರಿನಿಂದ 15ಕ್ಕೆ. ರಂಧ್ರವಿಲ್ಲದ ತಗಡು ಇಟ್ಟಾಗ ಮಾತ್ರ ಎರಡೂ ಚೀಲಗಳಿಗೆ ಒಂದೇ 2200.

ಮುಚ್ಚಿದ ಬಾಯಿಯ ಅಂಕಿಯೇ ಬಿದ್ದರೆ, ಉದಾಹರಣೆಗೆ ಮಷಿನ್ ಬಾಯಲ್ಲಿ 2200 ಇದ್ದದ್ದು ಹೋಸ್ ತುದಿಯಲ್ಲಿ 1900 ಆದರೆ, ಎಲ್ಲೋ ಸೋರಿಕೆ ಇದೆ. ಹೋಸ್ ತಿರುಗುವ ಕಪ್ಲಿಂಗ್, ಹಿಡಿಕೆಯ ಗಾಳಿ ಬಿಡುವ ಸ್ಲೈಡರ್, ಮುಚ್ಚಳದ ಗ್ಯಾಸ್ಕೆಟ್, ಈ ಮೂರರಲ್ಲೇ ಬಹುಪಾಲು ಸಿಗುತ್ತದೆ. ಊದಿನಕಡ್ಡಿಯ ಹೊಗೆ ಸಂದಿಯೊಳಗೆ ಎಳೆದುಕೊಂಡ ಜಾಗವೇ ಸೋರಿಕೆ. ಕೆಂಡ ಮಾತ್ರ ಸಂದಿಗೆ ಹತ್ತಿರ ಹೋಗಬಾರದು, ಒಳಗೆ ಇರುವುದು ಒಣ ಧೂಳು, ಹತ್ತಿ. ಬಾಯಿ ಮುಚ್ಚಿದ ಪರೀಕ್ಷೆ 10 ಸೆಕೆಂಡಿಗಿಂತ ಹೆಚ್ಚು ಬೇಡ. ಒಣ ಕಸದ ಮಷಿನ್‌ಗಳಲ್ಲಿ ಮೋಟಾರನ್ನು ತಣಿಸುವುದೂ ಅದೇ ಗಾಳಿ.

ಮೋಟಾರ್ ಕೀರಲು ದನಿಯಲ್ಲಿ ಕೂಗಿದರೆ “ಲೋಡ್ ಬಿದ್ದೈತಿ” ಎನ್ನುವವರಿದ್ದಾರೆ. ಆಗಿರುವುದು ಅದರ ವಿರುದ್ಧ. ಗಾಳಿ ಕಡಿಮೆಯಾದಾಗ ಫ್ಯಾನಿನ ಕೆಲಸ ಇಳಿದು ವೇಗ ಏರುತ್ತದೆ. ತಂತಿಯ ಸುತ್ತ ಹಿಡಿದು ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್ ಹಾಕಿ ನೋಡಿ, 6 ಆಂಪಿಯರ್ ಇದ್ದದ್ದು 5ರ ಕೆಳಗೆ ಬರುತ್ತದೆ.

ಪ್ರತಿ ರೀಡಿಂಗ್ ಪಕ್ಕ ವೋಲ್ಟೇಜ್ ಬರೆಯಲೇಬೇಕು. 230 ಇದ್ದದ್ದು ಸಂಜೆ 207ಕ್ಕೆ ಇಳಿದರೆ ನೀರಿನ ಅಂಕಿಯೂ ಹೆಚ್ಚುಕಡಿಮೆ ಅಷ್ಟೇ ಪಾಲು ಇಳಿಯುತ್ತದೆ, ಚೀಲದ ತಪ್ಪೇನೂ ಇರುವುದಿಲ್ಲ. ಕಂಪನಿ ಅಚ್ಚು ಹಾಕಿದ ಅಂಕಿಯನ್ನೂ ಇಲ್ಲಿ ನಿರೀಕ್ಷಿಸಬೇಡಿ. ಬೆಳಗಾವಿ ಸಮುದ್ರ ಮಟ್ಟದಿಂದ ಸುಮಾರು 750 ಮೀಟರ್ ಮೇಲಿದೆ. ಗಾಳಿಯ ಒತ್ತಡವೇ ಶೇ. 8ರಷ್ಟು ಕಡಿಮೆ, ಬೇಸಿಗೆಯ ಬಿಸಿಗೆ ಗಾಳಿ ಇನ್ನಷ್ಟು ತೆಳು. ವಿಜಯಪುರ, ಬಾಗಲಕೋಟೆ ಇದಕ್ಕಿಂತ ಕೆಳಗಿದ್ದರೂ ಅಲ್ಲಿನ ಬಿಸಿಲಿಗೆ ಫಲಿತಾಂಶ ಹತ್ತಿರಹತ್ತಿರ ಇಷ್ಟೇ.

ಧೂಳಿನಲ್ಲೂ ಜಾತಿಗಳಿವೆ. ಬೆಳಗಾವಿಯ ವಡಗಾವಿ, ಖಾಸಬಾಗದ ಮಗ್ಗದ ಮನೆಗಳಿಂದ ಬರುವ ಚೀಲಗಳಲ್ಲಿ ನೂಲಿನ ಅರಳೆ ಕಂಬಳಿಯಂತೆ ಮೇಲೆಯೇ ಕೂತಿರುತ್ತದೆ. ಬೆರಳಿಂದ ಸುತ್ತಿ ಕಿತ್ತರೆ ಪದರು ಪೂರಾ ಬಂದು ಅಂಕಿ ಬಹುತೇಕ ಮರಳುತ್ತದೆ. ಗೋಡೆ ಕೊರೆದ ಸಿಮೆಂಟ್, ಪಿಒಪಿ ಹಾಗಲ್ಲ, ಬಟ್ಟೆಯ ಎಳೆಗಳ ಒಳಗೇ ಇಳಿಯುತ್ತದೆ. ತೊಳೆದರೂ ಹೊಸ ಚೀಲದ ಅಂಕಿ ಬರುವುದಿಲ್ಲ, ಅರೆ ಒಣಗಿದಾಗ ಹಾಕಿದರಂತೂ ಮುಂದಿನ ಧೂಳು ಕೆಸರಾಗಿ ಮೆತ್ತುತ್ತದೆ. ನೆರಳಲ್ಲಿ ಪೂರ್ತಿ ಒಂದು ದಿನ ಒಣಗಿಸಿಯೇ ಹಾಕಬೇಕು.

ಚೀಲ ಹೊಸದು, ಹೋಸ್ ಸ್ವಚ್ಛ, ಸೋರಿಕೆ ಇಲ್ಲ, ಆದರೂ ಅಂಕಿ 600 ದಾಟುತ್ತಿಲ್ಲ ಎಂದಾಗ ಮಷಿನ್‌ನ ಹಿಂದುಗಡೆ ಗಾಳಿ ಹೊರಬರುವ ಜಾಲರಿ ಬಿಚ್ಚಿ ನೋಡಿ. ಅಲ್ಲೊಂದು ಫಿಲ್ಟರ್ ಇರುತ್ತದೆ, ಕಾರ್ಬನ್ ಬ್ರಷ್ ಸವೆದ ಪುಡಿಯಿಂದ ಕಪ್ಪಾಗಿರುತ್ತದೆ. ಅದನ್ನು ತೆಗೆದು ಇನ್ನೊಮ್ಮೆ ಅಳೆದಾಗ ನೀರು ತಟ್ಟನೆ ಏರಿದರೆ, ಬದಲಾಯಿಸಬೇಕಾದ್ದು ಅದೊಂದನ್ನೇ.