ಸೋಲಿಗರ ಪೋಡಿನಲ್ಲಿ ಕಾಡು, ಮಳೆ, ಹಕ್ಕಿನ ಸಭೆ: ನಾವು ನಡೆಸುವ ಬಗೆ

ಬಿಳಿಗಿರಿರಂಗನ ಬೆಟ್ಟದ ಪೋಡುಗಳನ್ನು (ಸೋಲಿಗ ಬುಡಕಟ್ಟಿನವರ ಹಾಡಿಗಳನ್ನು) ಸೇರಿಸಿ ಎರಡು ದಿನದ ಸಭೆ ಕರೆಯಬೇಕೆಂದರೆ ಮೊದಲು ನೋಡುವುದು ಕೆಲಸದ ಕಾಲ. ನವೆಂಬರಿನಿಂದ ಜನವರಿವರೆಗೆ ನೆಲ್ಲಿ, ರಾಗಿ ಕೊಯ್ಲು, ಕಾಫಿ ಹಣ್ಣು. ಏಪ್ರಿಲ್ ಬಂತೆಂದರೆ ಹೆಜ್ಜೇನು. ಉಳಿಯುವುದು ಫೆಬ್ರವರಿ ಕೊನೆ. ಆಗ ಕಾಡು ಒಣಗಿರುತ್ತದೆ. ಹಾಗಾಗಿ ಒಲೆ ಪೋಡಿನ ನಡುವಿನ ಬಯಲಲ್ಲೇ, ಪಕ್ಕದಲ್ಲಿ ಎರಡು ಡ್ರಮ್ ನೀರು. ವಾಟ್ಸಾಪಿನಲ್ಲಿ ಕರೆದರೆ ಹುಡುಗರು ಬರುತ್ತಾರೆ, ಅಷ್ಟೆ. ಯಜಮಾನರಿಗೆ ತಿಳಿಸಿ, ಕೋಲುಕಾರ ಮನೆಮನೆಗೆ ಹೇಳಿದರೆ ಹಿರಿಯರೂ ಹೊರಡುತ್ತಾರೆ.

120 ಜನಕ್ಕೆ ಹೊತ್ತಿಗೆ 15 ಕೆ.ಜಿ. ರಾಗಿಹಿಟ್ಟು, 6-7 ಕೆ.ಜಿ. ಹುರುಳಿಕಾಳು ಬೇಕು. ಅಷ್ಟೂ ಹಿಟ್ಟನ್ನು ಒಂದೇ ಸಲ ತಿರುವಲು ಹೋದರೆ ಗಂಟು ಕಟ್ಟುತ್ತದೆ. ಐದೈದು ಕಿಲೋ ಮೂರು ಸಲ ಮಾಡಿ. ಮಾತು ಸಂಜೆ 4ಕ್ಕೆ ಮುಗಿಯಲೇಬೇಕು. ಕತ್ತಲಾದ ಮೇಲೆ ಆನೆ ದಾರಿಯಲ್ಲಿ ಯಾರನ್ನೂ ನಡೆಸಬಾರದು, ದೂರದವರಿಗೆ ಶಾಲೆಯಲ್ಲೇ ಹಾಸಿಗೆ.

ಮೊದಲ ದಿನ ಭಾಷಣ ಇಲ್ಲ, ನಡಿಗೆ. ಒಂದು ಹಗ್ಗ, ನಾಲ್ಕು ಗೂಟ ಹಿಡಿದು 10 ಮೀಟರ್ ಚೌಕ ಕಟ್ಟುತ್ತೇವೆ: ಪೋಡಿನ ಅಂಚಲ್ಲಿ ಒಂದು, ದೇವರ ಜಾಗದ ಹತ್ತಿರ ಒಂದು, ಒಳಕಾಡಿನಲ್ಲಿ ಒಂದು. ಒಳಗಿನ ಲಂಟಾನ ಎಂಬ ಕಳೆಪೊದೆಯ ಬುಡಗಳನ್ನೂ ನೆಲ್ಲಿ, ತಾರೆ ಸಸಿಗಳನ್ನೂ ಎಣಿಸಿ ಬರೆಯುತ್ತೇವೆ. ಹೊರಗಿನ ಅತಿಥಿಗಳಿದ್ದರೆ ಅರಣ್ಯ ಇಲಾಖೆಯ ಲಿಖಿತ ಅನುಮತಿ ಮೊದಲೇ ಕೈಯಲ್ಲಿರಬೇಕು. ಚೆಕ್‌ಪೋಸ್ಟಿನಲ್ಲಿ ನಿಂತರೆ ಅರ್ಧ ದಿನ ಹೋಯಿತು.

ಚೌಕದ ಪಕ್ಕದಲ್ಲೇ ಹಿರಿಯರು ಬಾಯಿ ಬಿಡುವುದು. ಮೊದಲು ತರಗು ಬೆಂಕಿ ಹಾಕುತ್ತಿದ್ದರು: ಒಣ ಎಲೆಯನ್ನಷ್ಟೇ ಸುಡುವ, ನೆಲಮಟ್ಟದ ಬೆಂಕಿ. 1974ರಲ್ಲಿ ಅಭಯಾರಣ್ಯವಾದ ಮೇಲೆ ಅದು ನಿಂತಿತು. ಲಂಟಾನ ಹಬ್ಬಿತು, ಹುಲ್ಲು ಹೋಯಿತು, ನೆಲ್ಲಿ ಮರದ ಮೇಲೆ ಉಪ್ಪಿಲು ಎಂಬ ಬದನಿಕೆ (ಮರದ ರಸ ಹೀರುವ ಗಿಡ) ಏರಿತು ಎನ್ನುವುದು ಅವರ ಲೆಕ್ಕ. ಈಗ ಬೆಂಕಿ ಬಿದ್ದರೆ ಒಣ ಲಂಟಾನದ ಪೊದೆ ಹಿಡಿದು ಮರದ ತಲೆಗೇ ಹತ್ತುತ್ತದೆ. ಉತ್ಸಾಹಕ್ಕೆ ಬಿದ್ದು 'ಒಮ್ಮೆ ಹಾಕಿ ತೋರಿಸಿ' ಎನ್ನಬೇಡಿ, ಕೇಸು ಬೀಳುವುದು ಪೋಡಿನವರ ಮೇಲೆ.

'ಹವಾಮಾನ ಬದಲಾಗಿದೆಯಾ?' ಎಂದು ಕೇಳಿದರೆ ಎಲ್ಲರೂ 'ಹೂಂ' ಎನ್ನುತ್ತಾರೆ, ಅದರಿಂದ ಏನೂ ಸಿಗದು. 'ಆಗ ರಾಗಿ ಬಿತ್ತಿದ್ದು ಯಾವ ಮಳೆಗೆ, ಕೃತ್ತಿಕೆಗೋ ರೋಹಿಣಿಗೋ?' ಎಂದು ಕೇಳಿ. ವರ್ಷ ನೆನಪಿಲ್ಲವೆಂದರೆ, ವೀರಪ್ಪನ್ ಗಲಾಟೆಗೆ ಮುಂಚೆಯೋ ಆಮೇಲೋ ಎಂದರೆ ಸಾಕು. ನೆಲದ ಮೇಲೆ ಬೂದಿಯಲ್ಲಿ ಮಳೆ ನಕ್ಷತ್ರಗಳ ಎರಡು ಚಕ್ರ ಬರೆದು, ಆಗಿನದರಲ್ಲಿ ಒಂದು ಕಲ್ಲು, ಈಗಿನದರಲ್ಲಿ ಒಂದು ಕಲ್ಲು ಇಡಿಸುತ್ತೇವೆ. ಗೆಡ್ಡೆ, ಸೊಪ್ಪಿನ ಮಾತಿಗೆ ಹೆಂಗಸರು ಬೇರೆ ಕೂರಬೇಕು. ಒಟ್ಟಿಗೆ ಕೂರಿಸಿದರೆ ಗಂಡಸರೇ ಉತ್ತರಿಸಿಬಿಡುತ್ತಾರೆ. ಜೇನುಬಂಡೆ, ಕಲ್ಲುಗುಡಿಗಳ ಜಿಪಿಎಸ್ ಗುರುತು ಯಾವ ವರದಿಗೂ ಹೋಗಬಾರದು, ಇದರಲ್ಲಿ ರಾಜಿ ಇಲ್ಲ.

ಎರಡನೇ ದಿನ ನಿರ್ಣಯ. ಕೆಡುವುದು ಹೆಚ್ಚಾಗಿ ಇಲ್ಲೇ. ಹತ್ತು ಪೋಡು ಸೇರಿದ್ದು ಎಷ್ಟೇ ದೊಡ್ಡ ಸಭೆಯಾಗಲಿ, ಅರಣ್ಯ ಹಕ್ಕು ಕಾಯ್ದೆಯ (ಕಾಡಿನ ಜನರ ಹಕ್ಕನ್ನು ಒಪ್ಪುವ ಕಾನೂನಿನ) ಪ್ರಕಾರ ಅದು ಗ್ರಾಮಸಭೆಯಲ್ಲ. ಸಂಘದ ಲೆಟರ್‌ಹೆಡ್ಡಿನ ಮನವಿಯನ್ನು ಕಚೇರಿಯಲ್ಲಿ ಫೈಲಿಗೆ ಹಾಕಿ ಮರೆಯುತ್ತಾರೆ. 2011ರಲ್ಲಿ ಕಾಡಿನ ಮೇಲಿನ ಸಮುದಾಯ ಹಕ್ಕುಪತ್ರ ಪಡೆದ ಗ್ರಾಮಸಭೆಗಳಿಗೂ ಇದೇ ಮಾತು: ದೊಡ್ಡ ಸಭೆಯಲ್ಲಿ ಕರಡು ಮಾತ್ರ, ಆಮೇಲೆ ಒಂದೊಂದು ಗ್ರಾಮಸಭೆಯೂ ತನ್ನ ಪುಸ್ತಕದಲ್ಲೇ ಬರೆಯಬೇಕು. 2012ರ ತಿದ್ದುಪಡಿ ನಿಯಮದಂತೆ ಸದಸ್ಯರಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದೆ ಹಾಜರಿರಬೇಕು, ಹಾಜರಾದವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ಕಾಲೇಜು, ಕೂಲಿ ಎಂದು ಹೊರಗಿರುವವರೂ ಲೆಕ್ಕಕ್ಕೆ ಬರುವುದರಿಂದ ಮತದಾರರ ಪಟ್ಟಿ ನೋಡಿ ಮೊದಲೇ ತಲೆ ಎಣಿಸಿ.

ನಿರ್ಣಯದಲ್ಲಿ 'ಪರಿಸರ ನ್ಯಾಯ ಒದಗಿಸಬೇಕು' ಎಂದಷ್ಟೇ ಬರೆದರೆ ಅಧಿಕಾರಿಗೆ ಉತ್ತರಿಸುವ ಕೆಲಸವೇ ಇಲ್ಲ. ಯಾವ ಎಲ್ಲೆಯೊಳಗೆ, ಯಾವ ಜಾಗದ ಲಂಟಾನವನ್ನು, ಯಾವ ತಿಂಗಳು, ಯಾರ ಕೈಯಲ್ಲಿ ತೆಗೆಸುವುದು ಎಂದು ಬರೆಯಿರಿ, ಚೌಕದ ಲೆಕ್ಕ ಜೊತೆಗಿಡಿ. ಗಟ್ಟಿಯಾಗಿ ಓದಿ ಹೇಳಿದ ಮೇಲೆಯೇ ಸಹಿ, ಹೆಬ್ಬೆಟ್ಟು. ಖಾಲಿ ಹಾಳೆಗೆ ಎಂದೂ ಬೇಡ. ಮೂರು ಪ್ರತಿ ಮಾಡಿ, ಕೊಟ್ಟ ಕಚೇರಿಯ ಮೊಹರು ಇರುವ ಪ್ರತಿಯನ್ನು ಅರಣ್ಯ ಹಕ್ಕು ಸಮಿತಿಯ ಟ್ರಂಕಿನಲ್ಲಿ ಇಡಿ. ಗೆದ್ದಲಿನ ಊರು, ಪ್ಲಾಸ್ಟಿಕ್ ಕವರ್ ಮರೆಯಬೇಡಿ.